ಸೀತಾಪತಿ ಭಾವನ ಕ್ರಿಯಾವೇಗ ಯಂತ್ರ

"ಲೋ ಸದಾ, ನೋಡ್ತಿರು, ಈಗ ಗಂಟೆ ಹೊಡೆಯುತ್ತೆ!" ಎಂದರು ಸೀತಾಪತಿ ಭಾವ. ನಮ್ಮ ಅಕ್ಕನ ಗಂಡ, ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಊಟದ ಮೇಜಿನ ಮೇಲೆ ಹೊಲಿಗೆ ಯಂತ್ರದಷ್ಟು ದೊಡ್ಡದೊಂದು ಪೆಟ್ಟಿಗೆ; ಅದರ ಸೂಜಿ ಹೆಪ್ಪು ಹಾಕಿದ ಹಾಲಿನ ಪಾತ್ರೆಯಲ್ಲಿ. ಗಂಟೆ ಹೊಡೆಯಿತು. ಭಾವ ಪಾತ್ರೆಯನ್ನು ವಾಲಿಸಿ ತೋರಿಸಿದರು. ಮೊಸರು ಗಟ್ಟಿಯಾಗಿ ಕೂತಿತ್ತು!

"ಒಳಗೆ ನೂರಾರು ಕ್ರಿಯೆ ಒಟ್ಟಿಗೇ ನಡೀತಿರುತ್ತೆ ಕಣೋ. ಒಂದು ಹುಟ್ಟಿಸಿದ್ದನ್ನ ಇನ್ನೊಂದು ತಿನ್ನುತ್ತೆ, ಒಂದು ಓಡುತ್ತೆ, ಇನ್ನೊಂದು ತೆವಳುತ್ತೆ. ಎಲ್ಲದರ ವೇಗಾನೂ ಲೆಕ್ಕ ಹಾಕಿ ಕೊನೆಗೆ ಏನಾಗುತ್ತೆ ಅಂತ ಮೊದಲೇ ಹೇಳುತ್ತೆ ಇದು!"

"ಪಾತ್ರೆ ಅಲ್ಲಾಡಿಸಿ ನಾನೂ ಹೇಳ್ತಿದ್ದೆ," ಎಂದಳು ಕಾತ್ಯಾಯಿನಿ ಅಕ್ಕ, ಕುರ್ಚಿಯಿಂದ ಏಳದೆ.

ಅವಳು ಏಳುವ ಸ್ಥಿತಿಯಲ್ಲಿರಲಿಲ್ಲ. ಲಿವರ್ ಪೂರ್ತಿ ಕೆಟ್ಟಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಭಾವ ಒಪ್ಪಲಿಲ್ಲ. ಅವಳ ರಕ್ತದಲ್ಲಿ ಯಾವ ಕ್ರಿಯೆ ಹದ ತಪ್ಪಿದೆಯೆಂದು ತಿಳಿದರೆ ಅದೊಂದನ್ನು ತಡೆದು ಹೆಂಡತಿಯನ್ನು ಉಳಿಸಿಕೊಳ್ಳಬಹುದೆಂದೇ ಈ ಪೆಟ್ಟಿಗೆ ಕಟ್ಟಿದ್ದರು.

ಭಾವ ಸ್ನಾನಕ್ಕೆ ಹೋದಾಗ ಅಕ್ಕ ನನ್ನ ಕೈಲಿ ಪೂಜೆ ಸಾಮಾನು ತರಿಸಿದಳು. "ಪೂಜೆ ಮಾಡದೆ ಹೊಸ ಯಂತ್ರಕ್ಕೆ ನನ್ನ ರಕ್ತ ಕೊಡಲ್ಲಪ್ಪ!" ಎಂದು ಹೂವಿಟ್ಟಳು. ನಾನು ಬೆಂಕಿಪೆಟ್ಟಿಗೆ ಹುಡುಕುವಷ್ಟರಲ್ಲಿ ಕುಂಕುಮವನ್ನೂ ಹಚ್ಚಿದ್ದಳು.

ಭಾವ ಬಂದು ಅವಳ ಬೆರಳಿನ ರಕ್ತದ ಹನಿಗೆ ಸೂಜಿ ಮುಟ್ಟಿಸಿದ್ದೇ ತಡ, ಪೆಟ್ಟಿಗೆ ಗುರುಗುಟ್ಟಿತು. ಪರದೆಯ ಮೇಲೆ ಬಂತು: "ಕೆಟ್ಟ ಕ್ರಿಯೆ ಯಾವುದೂ ಇಲ್ಲ. ಗುಣ ಖಚಿತ. ಸುಣ್ಣ ಹೆಚ್ಚಾಗಿದೆ."

ಭಾವ ಕುಣಿದಾಡಿಬಿಟ್ಟರು! ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ಡಾಕ್ಟರಿಗೆ ಫೋನ್ ಮಾಡಿ, "ನೀವು ಮತ್ತೆ ಮೊದಲನೇ ವರ್ಷಕ್ಕೆ ಸೇರ್ಕೊಳ್ಳಿ!" ಎಂದರು. ಸುಣ್ಣ ಹೆಚ್ಚಾಗಿದೆಯೆಂದು ಅಕ್ಕನ ಎಲೆ ಅಡಿಕೆ ನಿಲ್ಲಿಸಿದರು.

"ಸಾಯೋಳಿಗೆ ಎಲೆ ಅಡಿಕೇನೂ ಇಲ್ವೇನ್ರೀ?"

"ಯಾರೇ ಸಾಯೋಳು? ಯಂತ್ರ ಹೇಳಿದ್ದು ಓದು!"

"ಯಂತ್ರದ ಕಾಲು ಊದಿಲ್ಲ, ನಂದು ಊದಿದೆ!"

ಊತ ಹೊಟ್ಟೆಗೂ ಏರಿತು, ಕಣ್ಣು ಹಳದಿಯಾಯಿತು. ದಿನಾ ಹನಿ ರಕ್ತ ಮುಟ್ಟಿಸಿದರೂ ಯಂತ್ರದ್ದು ಒಂದೇ ಮಾತು, ಗುಣ ಖಚಿತ! ನನಗೆ ರೇಗಿ ಸೂಜಿ ಕಿತ್ತು ನೋಡಿದೆ. ತುದಿಯ ತೂತಿನೊಳಗೆ ಕುಂಕುಮ ಗಟ್ಟಿಯಾಗಿ ಕೂತಿತ್ತು. ಅರಿಸಿನಕ್ಕೆ ಸುಣ್ಣ ಸೇರಿಸಿ ಮಾಡಿದ ಮನೆಯ ಕುಂಕುಮ. ಪೆಟ್ಟಿಗೆ ಇಷ್ಟು ದಿನ ಲೆಕ್ಕ ಹಾಕಿದ್ದು ಅದನ್ನೇ.

"ಕುಂಕುಮಕ್ಕೆ ಯಾವ ಕಾಯಿಲೆ ಬರುತ್ತೆ ಭಾವ!" ಎಂದು ಕಿರುಚಿದೆ.

ಭಾವ ಸೂಜಿ ತೊಳೆದು ಮತ್ತೆ ರಕ್ತಕ್ಕೆ ಮುಟ್ಟಿಸಿದರು. ಪರದೆಯ ತುಂಬ ಕ್ರಿಯೆಗಳು ಸಾಲುಗಟ್ಟಿದವು. ಯಾವುದನ್ನು ತಡೆಯಲು ಹೋದರೂ ಬೇರೆ ಹತ್ತು ಕೆಡುತ್ತಿದ್ದವು. ಕೊನೆಯಲ್ಲಿ ಬಂತು: "ಈ ವಾರ ದಾಟದು."

ಅಕ್ಕ ಓದಿಕೊಂಡಳು. "ರೀ, ಮೊದಲು ಹೇಳಿದ್ದೇ ಚೆನ್ನಾಗಿತ್ತು. ಕುಂಕುಮ ಹಚ್ಚಿ."

ಭಾವ ಸೂಜಿಗೆ ಹಚ್ಚಿದರು. ಗುಣ ಖಚಿತ ಎಂದು ಬಂತು. ಆಮೇಲೆ ತಾವೇ ಎಲೆಗೆ ಸುಣ್ಣ ಸವರಿ, ಮಡಚಿ ಅವಳ ಬಾಯಿಗಿಟ್ಟರು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ವಾರ ದಾಟಲಿಲ್ಲ. ಅಂಗಳದಲ್ಲಿ ಅಕ್ಕನನ್ನು ಚಟ್ಟಕ್ಕೆ ಕಟ್ಟುತ್ತಿದ್ದಾಗ, ಯಾರೂ ಆರಿಸದೆ ಬಿಟ್ಟಿದ್ದ ಯಂತ್ರ ಒಳಗಿನಿಂದ ಗಂಟೆ ಹೊಡೆಯಿತು. ಬಾಗಿಲಲ್ಲಿದ್ದ ಪಕ್ಕದ ಮನೆಯಾಕೆ ಪರದೆ ಓದಿ ಕೂಗಿದರು: "ರೋಗಿ ಪೂರ್ತಿ ಗುಣ ಅಂತ ಬಂದಿದೆ!"

ಅದು ಕುಂಕುಮದ ಲೆಕ್ಕವೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಭಾವ. ಆದರೂ ಧಡಕ್ಕನೆ ಕೂತು ಅಕ್ಕನ ನಾಡಿ ಹಿಡಿದರು. ನಾವೂ ಹಗ್ಗ ಬಿಟ್ಟು ಕಾದೆವು. ಬಹಳ ಹೊತ್ತು ಹಿಡಿದೇ ಇದ್ದರು. ಕೊನೆಗೆ, ರಾಹುಕಾಲ ಬರುತ್ತದೆ ಎಂದು ಪುರೋಹಿತರೇ ಎಬ್ಬಿಸಬೇಕಾಯಿತು.