ನಕ್ಷತ್ರಕ್ಕೆ ಬೈಯುತ್ತಿದ್ದ ಮಾವ

ಬಸ್ಸು ತಡವಾದರೆ ಬೈಯುವವರನ್ನು ನೀವು ನೋಡಿರುತ್ತೀರಿ. ನಕ್ಷತ್ರ ತಡವಾಯಿತೆಂದು ಬೈಯುವವರನ್ನು? ಮೊಳಕಾಲ್ಮೂರಿನಲ್ಲಿ ಸೀರೆ ನೇಯುತ್ತಿದ್ದ ನನ್ನ ಸೋದರಮಾವ ಬೈಯುತ್ತಿದ್ದರು. ಅದೂ ಅಂಗಳದಲ್ಲಿ ನಿಂತು, ತೆಲುಗಿನಲ್ಲಿ! ‘ಎಕ್ಕಡ ಚಚ್ಚಾವೇ?’ ಅಂದರೆ, ಎಲ್ಲಿ ಸತ್ತೆಯೇ ಎಂದು. ಕನ್ನಡದಲ್ಲಿ ಬೈದರೆ ಅತ್ತೆ ತನಗೇ ಅಂದುಕೊಳ್ಳುತ್ತಾಳಂತೆ.

ತಪ್ಪು ನನ್ನದೇ. ತೊಂಬತ್ತರ ದಶಕ. ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಚಳ್ಳಕೆರೆಯಲ್ಲಿ ಒಂದು ಕೆಲಸ ಹಿಡಿದು ಇನ್ನೊಂದು ಬಿಡುತ್ತಿದ್ದೆ. ಮಾವನ ಮನೆಗೆ ಹೋದಾಗ ಜಾಣತನ ತೋರಿಸಲೆಂದು ಮೀರಾ ನಕ್ಷತ್ರವನ್ನು ತೋರಿಸಿದೆ.

‘ಅದು ಒಂದಲ್ಲ ಮಾವ, ಜೋಡಿ. ಒಂದು ಉಬ್ಬಿ ಉಬ್ಬಿ ಸಾಯ್ತಿರೋ ಕೆಂಪು ದೈತ್ಯ. ಪಕ್ಕದಾಗೆ ಪುಟ್ಟ ಶ್ವೇತ ಕುಬ್ಜ, ಬೆಂಕಿ ಆರಿದ ಕೆಂಡ. ದೈತ್ಯನ ಮೈಯಿಂದ ಉದುರೋ ಅನಿಲಾನೇ ಕುಬ್ಜಕ್ಕೆ ಊಟ. ದೈತ್ಯ ಹನ್ನೊಂದು ತಿಂಗ್ಳಿಗೊಮ್ಮೆ ಬೆಳಗಿ, ಆಮೇಲೆ ಕಣ್ಣಿಗೇ ಕಾಣದಂಗೆ ಮಂಕಾಗ್ತೈತೆ.’

ಮಾವ ನೂರು ಕಿಲೋ. ಅತ್ತೆ ಮಗ್ಗದ ಮಗ್ಗುಲಲ್ಲಿ ಕೂತರೆ ಇದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಸೀರೆಯ ಒಡಲಿನ ಲಾಳಿ ಮಾವನ ಕೈಯಲ್ಲಿ, ಅಂಚಿನ ಲಾಳಿ ಅತ್ತೆಯ ಕೈಯಲ್ಲಿ. ಇಬ್ಬರಿಲ್ಲದೆ ಆ ರೇಷ್ಮೆ ಸೀರೆ ಒಂದು ಬೆರಳೂ ಮುಂದೆ ಹೋಗದು.

‘ದೊಡ್ಡದು ಕೊಡ್ತೈತೆ, ಸಣ್ಣದು ತಿಂತೈತೆ. ನಾನೂ ನಿಮ್ಮತ್ತೇನೂ ಇದ್ದಂಗೆ!’ ಎಂದರು ಮಾವ.

‘ಈ ಮನೇಲಿ ತಿನ್ನೋದ್ಯಾರು ಅಂತ ಮುದ್ದೆ ತಿರುವೋಳ್ನ ಕೇಳ್ರಿ’ ಎಂದರು ಅತ್ತೆ.

ಈ ಮಾತು ಅವತ್ತೇ ಆಯಿತೋ, ನಾನು ಆಮೇಲೆ ಜೋಡಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ.

ಅಂದಿನಿಂದ ಮಾವ ಪ್ರತಿ ಸಂಜೆ ನಕ್ಷತ್ರ ನೋಡಿ, ಮಗ್ಗದ ಪಕ್ಕದ ಹುರಿಗೆ ಒಂದೊಂದು ರೇಷ್ಮೆ ಎಳೆ ಕಟ್ಟತೊಡಗಿದರು. ಕಾಣದಿದ್ದರೆ ಕಪ್ಪು, ಮಂಕಾಗಿದ್ದರೆ ಕಡುಗೆಂಪು, ಬೆಳಗಿದರೆ ಹಳದಿ.

‘ಇದು ಅಳತೆ ಅಲ್ಲ ಮಾವ’ ಎಂದೆ.

‘ಲೇ, ಬಣ್ಣ ಕಣ್ಣಾಗೇ ತೂಗಿ ಮೂವತ್ತು ವರ್ಷ ಆತು. ನಿನ್ನ ಪದವಿಗಿಂತ ನನ್ನ ಕಣ್ಣು ವಾಸಿ!’

ಎರಡು ಚಳಿಗಾಲದ ಎಳೆಗಳು ಸೇರಿದವು. ಒಂದು ದಿನ ಅತ್ತೆ, ಬಣ್ಣದ ಚೂರುಗಳು ಸುಮ್ಮನೆ ತೂಗಾಡುತ್ತಿವೆಯಲ್ಲ ಎಂದು ಅವನ್ನೆಲ್ಲ ಬಿಚ್ಚಿ ಅಂಚಿನ ಹೂಗಳಿಗೆ ನೇಯ್ದುಬಿಟ್ಟರು! ಮಾವನಿಗೆ ಗೊತ್ತಾಗುವಷ್ಟರಲ್ಲಿ ಸೀರೆ ಯಾರದೋ ಮದುವೆಗೆ ಹೋಗಿತ್ತು. ಎರಡು ಹೊತ್ತು ಅನ್ನ ಮುಟ್ಟಲಿಲ್ಲ. ಮೂರನೆಯ ಹೊತ್ತಿಗೆ ಹೇಳಿದರು: ‘ಪಾಪ ಕಣೇ, ಆ ಮದುಮಗಳು ಹನ್ನೊಂದು ತಿಂಗ್ಳಿಗೊಮ್ಮೆ ಗಂಡನ ಕಣ್ಣಿಗೆ ಕಾಣಂಗಿಲ್ಲ!’

ನಾವು ನಕ್ಕೆವು. ಆ ಮನೆಯಲ್ಲಿ ಹಾಗೆ ನಕ್ಕಿದ್ದು ಅದೇ ಕೊನೆ ಇರಬೇಕು.

ಮುಂದಿನ ಮಳೆಗಾಲಕ್ಕೆ ಅತ್ತೆಯ ಎರಡೂ ಕಿಡ್ನಿ ಕೆಟ್ಟವು. ಮಾವ ದಾವಣಗೆರೆಗೆ ಹೋಗಿ ತನ್ನದೊಂದು ತೆಗೆದುಕೊಳ್ಳಿರೆಂದು ಪಟ್ಟುಹಿಡಿದರು. ಡಾಕ್ಟರು ಪರೀಕ್ಷೆ ಮಾಡಿ, ನಿಮಗೇ ಸಕ್ಕರೆ ಕಾಯಿಲೆ, ಆಗದು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಕೇಳಿದರು: ‘ಇಷ್ಟು ದೊಡ್ಡ ಮೈ ಇಟ್ಕಂಡು ಏನು ಬಂತು ಲೇ?’

ಇಷ್ಟು ವರ್ಷ ತಲೆ ಎತ್ತಿ ಆಕಾಶ ನೋಡಿರದ ಅತ್ತೆ, ಹಾಸಿಗೆ ಹಿಡಿದ ಮೇಲೆ ಕೇಳಿದರು: ‘ಅದನ್ನ ನಾನೂ ಒಂದ್ಸಲ ನೋಡ್ಬೇಕ್ರಿ. ಯಾವಾಗ ಬರ್ತೈತೆ?’

ನಾನು ಲೆಕ್ಕ ಹಾಕಿ ಸಂಕ್ರಾಂತಿಗೆ ಎಂದೆ. ಸಂಕ್ರಾಂತಿ ಬಂತು, ನಕ್ಷತ್ರ ಬರಲಿಲ್ಲ. ಅದು ವಾರಗಟ್ಟಲೆ ಹಿಂದುಮುಂದಾಗುವುದುಂಟು. ಅತ್ತೆಗೆ ಅಷ್ಟು ವಾರಗಳಿರಲಿಲ್ಲ. ಆ ಸಂಜೆ ಮಾವ ಅವರನ್ನು ಮಗುವಿನಂತೆ ಎತ್ತಿ ಅಂಗಳಕ್ಕೆ ತಂದು, ಆಕಾಶದ ಬರಿದಾದ ಜಾಗವೊಂದಕ್ಕೆ ಬೆರಳು ತೋರಿಸಿದರು.

‘ಅಗೋ, ಕಾಣ್ತಾ?’

ಅತ್ತೆ ಬಹಳ ಹೊತ್ತು ನೋಡಿದರು. ‘ಹ್ಞೂಂ. ಕೆಂಪಗೈತೆ.’

‘ನಿನಗೆ ಕಾಣ್ತಲ್ಲೇನಲೇ?’ ಮಾವ ನನ್ನನ್ನು ಕೇಳಿದರು.

‘ಕಾಣ್ತು ಮಾವ’ ಎಂದೆ.

ಐದನೆಯ ದಿನ ಅತ್ತೆ ಹೋದರು. ತಿಂಗಳೊಳಗೆ ಚಳ್ಳಕೆರೆಯ ಮಹಡಿಯ ಮೇಲೆ ನಿಂತಿದ್ದಾಗ ನಕ್ಷತ್ರ ಕಾಣಿಸಿತು. ಮರುದಿನ ಸಂಜೆಗೆ ಮೊಳಕಾಲ್ಮೂರಿಗೆ ಓಡಿದೆ. ಮಾವ ಮಗ್ಗದಲ್ಲಿ ತಮ್ಮ ಜಾಗದಲ್ಲಿರಲಿಲ್ಲ. ಅತ್ತೆಯ ಇಕ್ಕಟ್ಟಾದ ಜಾಗದಲ್ಲಿ ಮೈ ತುರುಕಿಕೊಂಡು ಕೂತಿದ್ದರು.

‘ಮಾವ, ಹೊರಗೆ ಬರ್ರಿ, ಬಂದೈತೆ!’

‘ಅವತ್ತೇ ನೋಡಿದ್ವಲ್ಲ ಲೇ, ಮೂರೂ ಜನ’ ಎಂದರು, ತಲೆ ಎತ್ತದೆ.

ನಾನು ಅಂಗಳಕ್ಕೆ ಹೋಗಿ, ಆ ನಕ್ಷತ್ರಕ್ಕೆ ಬೆನ್ನು ಮಾಡಿ ಕೂತೆ.