ಆರು ತೂತಿನ ಅರ್ತು

ನಮ್ಮ ಭಾವನವರು ಕರೆಂಟಿನ ಜೊತೆ ಮಾತಾಡುತ್ತಿದ್ದರು. ನನ್ನ ಜೊತೆ ಮಾತ್ರ ಮಾತಾಡುತ್ತಿರಲಿಲ್ಲ!

ಜಗಳವೇನೂ ಇರಲಿಲ್ಲ. ಗಂಡನ ಅಣ್ಣ, ತಮ್ಮನ ಹೆಂಡತಿ ಎದುರೆದುರು ನಿಂತು ಮಾತಾಡಬಾರದೆಂಬುದು ನಮ್ಮ ಅತ್ತೆಮನೆಯ ಪದ್ಧತಿ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಹುಣಸೂರಿಗೆ ಸೊಸೆಯಾಗಿ ಬಂದ ನನಗೆ ಇದು ಅರ್ಥವಾಗಲು ಒಂದು ವಾರ ಹಿಡಿಯಿತು. ಊಟದ ಹೊತ್ತಿಗೆ ಅವರು ಗೋಡೆಯ ಕ್ಯಾಲೆಂಡರಿಗೆ, "ಒಸಿ ಉಪ್ಪು ಬೇಕಿತ್ತು" ಎನ್ನುತ್ತಿದ್ದರು. ನಾನು ಒಲೆಗೆ, "ಇಗೋ, ತಂದೆ" ಎನ್ನಬೇಕಿತ್ತು. ಹೀಗೆ ಇಪ್ಪತ್ತು ವರ್ಷ ಕ್ಯಾಲೆಂಡರೂ ಒಲೆಯೂ ನಮ್ಮ ಮನೆಯಲ್ಲಿ ಸಂಸಾರ ನಡೆಸಿದವು.

ಭಾವ ಮದುವೆಯಾಗಲಿಲ್ಲ. ಗುರುಪುರದ ಹತ್ತಿರ ಇರುವ ಜಮೀನು ನೋಡಿಕೊಳ್ಳುತ್ತಾ, ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ಟುಗಳನ್ನೆಲ್ಲ ರಿಪೇರಿ ಮಾಡುತ್ತಾ ಇದ್ದರು. ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರು. ಅವರ ವಿದ್ಯುತ್ ಶಾಸ್ತ್ರದ ಮೊದಲ ಪಾಠವೇನು ಗೊತ್ತೇ? ಅರ್ತು, ಅಂದರೆ ಅರ್ಥಿಂಗ್, ಅನಾವಶ್ಯಕ! ಮೂರು ಪಿನ್ನಿನ ಪ್ಲಗ್ಗು ಮನೆಗೆ ಬಂದರೆ ಸಾಕು, ಇಕ್ಕಳ ತಂದು ದಪ್ಪ ಪಿನ್ನನ್ನು ಕಿತ್ತೇ ಬಿಡುತ್ತಿದ್ದರು. "ಇದು ಸುಮ್ಕೆ ಸೋಕಿಗೆ ಮಡ್ಗವ್ರೆ. ಎಲ್ಡಿದ್ರೆ ಸಾಕು, ಮಿಸೀನು ಓಡ್ತದೆ!"

ಓಡುತ್ತದೆ, ನಿಜ. ಆದರೆ ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಚುರ್ ಎಂದು ಶಾಕ್ ಹೊಡೆಯುವುದು ಯಾರಿಗೆ? ಹವಾಯಿ ಚಪ್ಪಲಿ ಹಾಕಿಕೊಂಡು ಮಿಕ್ಸಿಯಲ್ಲಿ ಚಟ್ನಿ ರುಬ್ಬುವ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು! ಯಜಮಾನರಿಗೆ ಹೇಳಿದರೆ ಒಂದೇ ಉತ್ತರ: "ಅಣ್ಣಂಗೆ ಗೊತ್ತಿರ್ತದೆ, ಬಿಡೇ."

ಇಂಥ ಮನೆಗೆ ಕಂಪ್ಯೂಟರ್ ಬಂತು. ಮಾನಿಟರುಗಳು ಇನ್ನೂ ಟಿವಿಯಷ್ಟು ದಪ್ಪಗಿದ್ದ ಕಾಲ. ಮಗಳು ಮೈಸೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಡಿಪ್ಲೊಮಾ ಓದುತ್ತಿದ್ದಳು, ಮನೆ ಕಟ್ಟುವ ನಕ್ಷೆಗಳ ಓದು. ಕೊನೆಯ ವರ್ಷಕ್ಕೆ ಒಂದು ಇಡೀ ಮನೆಯನ್ನು ಕಂಪ್ಯೂಟರಿನಲ್ಲೇ ಕಟ್ಟಿ, ಬಾಗಿಲಿನಿಂದ ಹಿತ್ತಿಲಿನವರೆಗೆ ನಡೆದಾಡಿದಂತೆ ತೋರಿಸಬೇಕಂತೆ. ಕಾಲೇಜಿನಲ್ಲಿ ನಾಲ್ಕು ಜನಕ್ಕೊಂದು ಕಂಪ್ಯೂಟರು. ನಮ್ಮನೆಯದೋ, ಅವಳು ಕಟ್ಟಿದ ಆ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ನಿಂತುಬಿಡುತ್ತಿತ್ತು. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಬೇಕು ಎಂದಳು. ಶನಿವಾರ ಮಧ್ಯಾಹ್ನ ಸಿ.ಡಿ. ಹಿಡಿದು ಬರುತ್ತಾಳೆ, ಮುಂದಿನ ಸೋಮವಾರ ಒಪ್ಪಿಸಬೇಕು, ತಪ್ಪಿದರೆ ಒಂದು ವರ್ಷ ಹೋಯಿತು!

"ನಾನ್ ಆಕ್ತೀನಿ ಬುಡು ಮಗಾ," ಎಂದು ಭಾವ ಫೋನಿನಲ್ಲೇ ಮಾತು ಕೊಟ್ಟರು. ಮರುದಿನ ಸೋಮವಾರವೇ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಕಾರ್ಡು ತಂದರು. ದೊಡ್ಡ ಡಬ್ಬ, ಒಳಗೆ ಫ್ಯಾನು ಕೂರಿಸಿದ ಹಲಗೆ, ಒಂದು ಮಡಿಸಿದ ಇಂಗ್ಲಿಷ್ ಕಾಗದ, ಮತ್ತೆ ಒಂದು ಗಿಡ್ಡ ವೈರು. ಆ ವೈರಿನ ಒಂದು ತುದಿಗೆ ಎರಡು ಬಿಳಿ ಬಾಯಿ, ಇನ್ನೊಂದು ತುದಿಗೆ ಆರು ತೂತಿನ ಒಂದು ಕರಿ ಬಾಯಿ. ಕಾರ್ಡಿನ ಬೆನ್ನಿನಲ್ಲೂ ಅದೇ ಅಳತೆಯ, ಆರು ಪಿನ್ನಿನ ಗೂಡು. ಅಡುಗೆಮನೆಯ ಬಾಗಿಲಿನಿಂದ ನನಗೇ ಕಾಣಿಸಿತು, ಇದು ಅದಕ್ಕೆ ಸೇರಬೇಕು ಅಂತ. ಭಾವನವರಿಗೆ ಕಾಣಿಸಿದ್ದೇನು?

"ಇದು ಅರ್ತು," ಎಂದರು ಕ್ಯಾಲೆಂಡರಿಗೆ. "ಬೇಕಾಗಾಕಿಲ್ಲ."

ಆ ಗಿಡ್ಡ ವೈರು ಕಿತ್ತ ಪಿನ್ನುಗಳಿದ್ದ ಬಿಸ್ಕತ್ತಿನ ಡಬ್ಬ ಸೇರಿತು.

ಸ್ವಿಚ್ ಹಾಕಿದರು. ಕಂಪ್ಯೂಟರ್ ಕಿರ್ರೋ ಎಂದು ಕಿರುಚಿತು! ನಿಲ್ಲಿಸುವುದೇ ಇಲ್ಲ! ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಬಂತು. ನನಗೆ ಅಷ್ಟು ದೂರದಿಂದಲೂ ಸ್ಪಷ್ಟ: ಕಂಪ್ಯೂಟರ್ ಆರಿಸಿ, ಈ ಕಾರ್ಡಿಗೆ ಪವರ್ ಕೇಬಲ್ ಜೋಡಿಸಿ. ಮೂರನೇ ಕ್ಲಾಸಿನ ಮಗು ಓದಬಹುದಾದ ಇಂಗ್ಲಿಷು!

ನಾನು ಒಲೆಗೆ ಹೇಳಿದೆ, "ಅದರಲ್ಲಿ ಬರೆದದ್ದನ್ನು ಓದಿದರೆ ಒಳ್ಳೆಯದಿತ್ತೇನೋ."

ಭಾವ ಕ್ಯಾಲೆಂಡರಿಗೆ ಹೇಳಿದರು, "ಓದಾಯ್ತು. ಬಿಸಿ ಆಗ್ಬುಟ್ಟದೆ ಅಂತ ಬರ್ದದೆ."

ಬಿಸಿಯಂತೆ! ಕಣ್ಣೆದುರಿಗೇ ಬರೆದದ್ದನ್ನು ಬೇರೆ ಓದುವುದೇ? ನನ್ನ ಮೈಯೆಲ್ಲ ಉರಿದುಹೋಯಿತು. ಮಂಗಳವಾರ ಅದಕ್ಕೆ ಟೇಬಲ್ ಫ್ಯಾನ್ ಇಟ್ಟರು. ಬುಧವಾರ ಕಿರುಚಾಟ ಕೇಳಲಾರದೆ ಕಂಬಳಿ ಹೊದಿಸಿದರು. ಬಿಸಿಯಾಗಿದೆ ಎಂದವರೇ ಕಂಬಳಿ ಹೊದಿಸುತ್ತಾರಲ್ಲ, ಇವರಿಗೆ ಏನೆನ್ನಬೇಕು? ಗುರುವಾರ ಪರದೆಯ ಮುಂದೆ ಪೆನ್ಸಿಲ್ ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಿದ್ದರು, ಲೆಕ್ಕ ಹಾಕುವವರಂತೆ. ಯಜಮಾನರು ಹೆಗ್ಗಡದೇವನಕೋಟೆಯ ಆಫೀಸಿನಿಂದ ಬರುವ ಹೊತ್ತಿಗೆ ಎಲ್ಲ ಆರಿಸಿ, ಮೇಲೆ ಟವೆಲ್ ಮುಚ್ಚಿ, "ಆಯ್ತಾ ಅದೆ" ಎನ್ನುತ್ತಿದ್ದರು. ಇದು ಅಹಂಕಾರವಲ್ಲದೆ ಮತ್ತೇನು? ಎರಡು ಹೆಜ್ಜೆ ದೂರದಲ್ಲಿ ಕಾನ್ವೆಂಟಿನಲ್ಲಿ ಓದಿದ ಒಂದು ಜೀವ ರೊಟ್ಟಿ ತಟ್ಟುತ್ತಿದೆ. ಅದನ್ನು ಕೇಳಿದರೆ ಗಂಟೇನು ಹೋಗುತ್ತಿತ್ತು? ಕೇಳದಿದ್ದರೆ ನಾನೂ ಹೇಳುವುದಿಲ್ಲ ಎಂದು ಹಟ ಹಿಡಿದೆ. ಮಗಳ ವರ್ಷ ಹೋಗುತ್ತದೆಂದು ಗೊತ್ತಿದ್ದೂ ರೊಟ್ಟಿ ತಟ್ಟುತ್ತಲೇ ಇದ್ದೆ.

ಶನಿವಾರ ಬೆಳಿಗ್ಗೆ ಬಟ್ಟೆ ನೆನೆಸುತ್ತಿದ್ದೆ. ಜೇಬು ನೋಡದೆ ಅಂಗಿ ನೆನೆಸುವವಳಲ್ಲ ನಾನು. ಭಾವನ ಜೇಬಿನಲ್ಲಿ ಆ ಮಡಿಸಿದ ಇಂಗ್ಲಿಷ್ ಕಾಗದ ಸಿಕ್ಕಿತು. ಅದರ ಅಂಚಿನಲ್ಲಿ ಪೆನ್ಸಿಲಿನ ಗೀಟುಗಳು. ಮೊದಲು ವೈರಿನ ಚಿತ್ರ ಅಂದುಕೊಂಡೆ. ಆಮೇಲೆ ನೋಡಿದರೆ ಅಕ್ಷರಗಳು! ಪರದೆಯ ಮೇಲಿದ್ದ ಅದೇ ಸಾಲು. ಒಂದು ಅಕ್ಷರ ಕೊಕ್ಕೆಯಂತೆ, ಒಂದು ಏಣಿಯಂತೆ, ಕೆಲವು ತಿರುಗುಮುರುಗು. ಬರೆದದ್ದಲ್ಲ ಅದು, ನೋಡಿ ನೋಡಿ ಚಿತ್ರ ತೆಗೆದದ್ದು. ಗುರುವಾರದ ಆ ಅರ್ಧ ದಿನ!

ಅಷ್ಟರಲ್ಲಿ ಭಾವ ಬೇರೆ ಅಂಗಿ ತೊಟ್ಟು ಹಿತ್ತಿಲಿಗೆ ಬಂದರು. ಒಗೆಯುವ ಕಲ್ಲಿಗೆ ಹೇಳಿದರು, "ಇಲ್ಲೊಂದು ಚೀಟಿ ಇತ್ತು. ಮೈಸೂರ್ಗೆ ತಕ್ಕೊಂಡೋಗಿ ಅಂಗ್ಡಿಯೋನ್ಗೆ ತೋರುಸ್ಬೇಕಿತ್ತು."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನು ಅವರ ಮುಖ ನೋಡಿದೆ. "ಭಾವ, ಅಕ್ಷರ ತುಂಬಾ ಸಣ್ಣದು. ನಿಮ್ಮ ಕನ್ನಡಕಕ್ಕೆ ಕಂಡಿರಲ್ಲ. ನಾನು ಓದ್ಲಾ?"

ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. "ಸಣ್ಣದೇನಲ್ಲ ಕಣವ್ವ. ನಂಗೆ ಇಂಗ್ಲಿಸ್ ಬರಾಕಿಲ್ಲ. ಓದ್ದೋಳು ಮನೇಗ್ ಬಂದವ್ಳೆ, ಅವ್ಳ್ ಮುಂದೆ ಎಂಗ್ ಯೋಳ್ಲಿ ಅಂತ..."

ನಾನು ಓದುತ್ತಾ ಹೋದೆ, ಅವರು ಬಿಸ್ಕತ್ತಿನ ಡಬ್ಬದಿಂದ ಆ ವೈರು ತೆಗೆದರು. ಎರಡು ಬಿಳಿ ಬಾಯಿಗಳನ್ನೂ ಒಂದೇ ಕೇಬಲ್ಲಿಗೆ ಹಾಕಬಾರದು, ಬೇರೆ ಬೇರೆ ಕೇಬಲ್ಲಿಗೆ ಹಾಕಬೇಕು ಎಂದಿತ್ತು. ಏಕೆಂದು ನನಗೆ ತಿಳಿಯಲಿಲ್ಲ. ಅವರಿಗೆ ತಟ್ಟನೆ ತಿಳಿಯಿತು! "ಸರಿಯಾಗೇ ಬರ್ದವ್ನೆ. ಒಂದೇ ಲೈನ್ ಮ್ಯಾಲೆ ಎಲ್ಡು ಮೋಟ್ರು ಬಾರ ಆಕಂಗಿಲ್ಲ." ಕರಿ ಬಾಯಿ ಕಾರ್ಡಿನ ಬೆನ್ನಿಗೆ ಟಕ್ ಎಂದು ಕೂತಿತು. ಕಿರುಚಾಟವಿಲ್ಲ. ಮಧ್ಯಾಹ್ನ ಮಗಳು ಬಂದು ಸಿ.ಡಿ. ಹಾಕಿದರೆ, ಅವಳ ಮನೆಯೊಳಗೆ ನಾವು ಮೂವರೂ ಎಲ್ಲೂ ಎಡವದೆ ಹಿತ್ತಿಲಿನವರೆಗೆ ನಡೆದುಹೋದೆವು.

ಮಾರನೆಯ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಭಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ನಮ್ಮ ಜಮೀನಿನ ಪಂಪ್‌ಸೆಟ್ಟಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ. ನಾನು ಈ ಮನೆಗೆ ಬಂದ ವರ್ಷವೇ ಬಂದದ್ದು. ಒಂದು ಹಾಳೆಯೂ ಮಾಸಿರಲಿಲ್ಲ. ಅವರು ಕ್ಯಾಲೆಂಡರಿನ ಕಡೆ ತಿರುಗಲಿಲ್ಲ.

"ಅವ್ವಾ," ಎಂದರು, "ಇದ್ರಲ್ಲಿ ಅರ್ತಿನ್ ಇಸ್ಯ ಏನಾರ ಬರ್ದವ್ರಾ, ಒಸಿ ನೋಡ್ತೀಯಾ?"

ಹಾಲು ಉಕ್ಕಿತು. ಉಕ್ಕಲಿ ಬಿಡಿ, ನಾನು ಓದುತ್ತಿದ್ದೆ!