ಚಹಾಕ್ಕೆ ಮುಂಚಿನ ಆರೋಗ್ಯ

ಉಲಾನ್‌ತೊಲ್ಗೊಯ್ ಹೋಬಳಿಯಲ್ಲಿ ಈಗ ಯಾರಿಗೂ ಕಾಯಿಲೆಯಿಲ್ಲ. ಇದು ಸರ್ವಸಮಾನ ಆರೋಗ್ಯ ಪ್ರತಿಷ್ಠಾನದ ಅಧಿಕೃತ ತೀರ್ಮಾನ. ಇದಾದ ಮೇಲೂ ಯಾರಾದರೂ ಕೆಮ್ಮಿದರೆ ಅದಕ್ಕೆ ಪ್ರತಿಷ್ಠಾನ ಹೊಣೆಯಲ್ಲ.

ಪ್ರತಿಷ್ಠಾನ ಲಾಭಕ್ಕೆ ನಿಂತ ಸಂಸ್ಥೆಯಲ್ಲ. ಅದು ಮಂಗೋಲಿಯಾದ ಈ ಹುಲ್ಲುಗಾವಲಿಗೆ ಬಂದದ್ದೇ ಯಂಜ್ಮಾಳನ್ನು ಬಲಪಡಿಸಲು. ಯಂಜ್ಮಾ ಹೋಬಳಿಯ ಆರೋಗ್ಯ ಸಹಾಯಕಿ. ಔಷಧದ ಪೆಟ್ಟಿಗೆಯನ್ನು ಹಳೇ ಮೋಟಾರ್‌ಸೈಕಲ್ಲಿನ ಹಿಂದೆ ಬಿಗಿದುಕೊಂಡು ಗುಡಾರದಿಂದ ಗುಡಾರಕ್ಕೆ ಹೋಗಿ, ಸೂಜಿ ಚುಚ್ಚಿ, ಹೆರಿಗೆ ಮಾಡಿಸಿ, ಕುರಿಗಾಹಿಗಳನ್ನು ಬೈದು ಬರುವುದು ಅವಳ ಕೆಲಸ. ಯಾವುದನ್ನಾದರೂ ಬಲಪಡಿಸುವ ಮೊದಲು ಅದನ್ನು ಅಳೆಯಬೇಕೆಂಬುದು ಪ್ರತಿಷ್ಠಾನದ ಪದ್ಧತಿ. ಅಳೆಯಲು ಗೊಂಬೊಜಾವ್ ಎಂಬ ಕ್ಷೇತ್ರಾಧಿಕಾರಿಯನ್ನು ನೇಮಿಸಿದರು. ಅವನು ಇದೇ ಹೋಬಳಿಯಲ್ಲಿ ಹುಟ್ಟಿದವನು. ತಾಯಿ ಖೊರ್ಲೊ ಈಗಲೂ ಕೆಂಪುಗುಡ್ಡದ ಕೆಳಗೆ ತನ್ನ ಆಡುಗಳ ಜೊತೆ ಇದ್ದಳು. ಸ್ಥಳೀಯನಾದ್ದರಿಂದ ಜನರ ರೀತಿನೀತಿ ಇವನಿಗೆ ಗೊತ್ತಿರುತ್ತದೆ ಎಂದರು ಮೇಲಿನವರು. ಗೊತ್ತಿತ್ತು, ಪಾಪ.

ನಮ್ಮ ಕಡೆ, ಬಂದವರು ಹೇಗಿದ್ದೀರಿ ಎಂದು ಕೇಳಿದರೆ "ಸುಗಮ" ಎಂದೇ ಹೇಳಬೇಕು. ಹಿಂದಿನ ರಾತ್ರಿ ಹಿಮಕ್ಕೆ ಸಿಕ್ಕಿ ಅರ್ಧ ಮಂದೆ ಸತ್ತಿದ್ದರೂ ಕುರಿಗಳು ಚೆನ್ನಾಗಿ ಕೊಬ್ಬಿವೆ ಎನ್ನಬೇಕು. ಬಂದವರು ಕೂತು, ನಶ್ಯದ ಬುರುಡೆ ಕೈಯಿಂದ ಕೈಗೆ ಹೋಗಿ, ಉಪ್ಪು ಚಹಾದ ಮೊದಲ ಬಟ್ಟಲು ಖಾಲಿಯಾದ ಮೇಲೆಯೇ ನಿಜ ಹೊರಗೆ ಬರುವುದು. ಅದಕ್ಕೆ ಮುಂಚೆ ಗೋಳು ತೋಡಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ.

ಆದರೆ ಪ್ರತಿಷ್ಠಾನಕ್ಕೂ ಅದರದೇ ಮರ್ಯಾದೆಯಿದೆ. "ಸಿಬ್ಬಂದಿಯು ಫಲಾನುಭವಿಗಳಿಂದ ಯಾವುದೇ ಆಹಾರ, ಪಾನೀಯ, ಪ್ರಾಣಿ ಅಥವಾ ಪುಡಿಯನ್ನು ಸ್ವೀಕರಿಸತಕ್ಕದ್ದಲ್ಲ. ಫಲಾನುಭವಿಯು ಸ್ವಂತ ಬಂಧುವಾಗಿದ್ದಲ್ಲಿ ಈ ನಿಯಮವನ್ನು ದುಪ್ಪಟ್ಟು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು." ಪ್ರಾಣಿ ಎಂಬ ಪದ ಸೇರಿದ್ದು, ಬೇರೆ ಕಡೆಯ ಅಧಿಕಾರಿಯೊಬ್ಬರು ತಪಾಸಣೆಗೆ ಹೋದವರು ಒಂಟೆಯ ಸಮೇತ ವಾಪಸಾದ ಮೇಲೆ. ಪುಡಿ ಎಂದರೆ ನಶ್ಯ.

ಹೀಗಾಗಿ ಸಮೀಕ್ಷೆ ಬಹಳ ಬೇಗ ಸಾಗಿತು. ಕುದುರೆಯಿಂದ ಬಿದ್ದು ಕಾಲಿಗೆ ಹಲಗೆ ಕಟ್ಟಿಸಿಕೊಂಡು ಮಲಗಿದ್ದ ದಗ್ವಾ ಎಂಬ ಕುರಿಗಾಹಿ "ಸುಗಮ" ಎಂದ. ಹಲಗೆ ಕಣ್ಣಿಗೆ ಹೊಡೆಯುವಂತಿತ್ತು. ಆದರೆ ಸಮುದಾಯದ ದನಿಯೇ ಅಂತಿಮವೆಂದು ಪ್ರತಿಷ್ಠಾನ ಮೊದಲೇ ಘೋಷಿಸಿದ್ದರಿಂದ, ಕಣ್ಣಿಗೆ ಕಂಡದ್ದನ್ನು ಬರೆದುಕೊಳ್ಳುವುದು ಸಮುದಾಯಕ್ಕೆ ಮಾಡುವ ಅವಮಾನವಾಗುತ್ತಿತ್ತು. ದಗ್ವಾನ ಹೆಂಡತಿ ಚಹಾದ ಪಾತ್ರೆಗೆ ಕೈ ಹಾಕಿದಳು. ಗೊಂಬೊಜಾವ್ ಎದ್ದು ಹೊರಟ.

ಕೆಂಪುಗುಡ್ಡದ ಕೆಳಗೆ ಖೊರ್ಲೊ ಹೊರಗೆ ಬಂದು ನಾಯಿಯನ್ನು ಹಿಡಿದುಕೊಂಡಳು. ಅಷ್ಟಕ್ಕೇ ಅವಳಿಗೆ ಏದುಸಿರು ಬಂತು. ಒಳಗೆ ಕೂತು ಮಗ ಆರೋಗ್ಯ ವಿಚಾರಿಸಿದ. ಸುಗಮ ಎಂದಳು. ಬಟ್ಟಲು ತುಂಬಿ ಬಲಗೈಯಲ್ಲಿ ಮುಂದೆ ಚಾಚಿದಳು.

"ಕುಡಿಯೋ ಹಾಗಿಲ್ಲ ಅಮ್ಮಾ. ಕೆಲಸ ಹೋಗುತ್ತೆ."

"ನಾನು ಕಾಸಿದ್ದಕ್ಕಾ?"

"ಯಾರು ಕಾಸಿದ್ರೂ ಅಷ್ಟೇ. ಲಂಚ ಅಂತಾರೆ."

ಖೊರ್ಲೊ ಲಂಚವನ್ನು ಪಾತ್ರೆಗೆ ವಾಪಸು ಸುರಿದಳು.

ವಾಪಸಾಗುವಾಗ ದಾರಿಯಲ್ಲಿ ಯಂಜ್ಮಾ ಅಡ್ಡ ಸಿಕ್ಕಳು. ಮೋಟಾರ್‌ಸೈಕಲ್ ಆರಿಸದೆಯೇ ಮಾತು ಶುರು ಮಾಡಿದಳು.

"ತಮ್ಮಾ, ನಿಮ್ಮಮ್ಮಂಗೆ ಕಾಲು ಊದಿದೆ. ಮಲಗಿದ್ರೆ ಉಸಿರು ಕಟ್ಟುತ್ತೆ, ಕೂತೇ ಬೆಳಗು ಮಾಡ್ತಾಳೆ. ಅವಳ ಎದೆ ಸರಿಯಿಲ್ಲ. ನಾನು ಕೊಡೋ ಮಾತ್ರೆ ಮೇಲೆ ನಡೀತಿದೆ. ಹೇಳಿದ್ಲಾ?"

"ಸುಗಮ ಅಂದ್ಲು, ಅಕ್ಕಾ. ನಿಮಗೆ ಹೇಗೆ ಗೊತ್ತಾಯ್ತು?"

"ಕೂತು ಚಹಾ ಕುಡಿದೆ. ಇನ್ನೇನು, ಮಂತ್ರ ಹಾಕಿದ್ನಾ?"

ಗೊಂಬೊಜಾವ್ ಕೇಂದ್ರ ಕಚೇರಿಗೆ ಎಲ್ಲವನ್ನೂ ತಿಳಿಸಿದ. ಪಾನೀಯ ಸೇವನೆಯ ನಂತರ ಪಡೆದ ಮಾಹಿತಿಯನ್ನು ಪರಿಗಣಿಸಲಾಗದು ಎಂದು ಉತ್ತರ ಬಂತು. ಯಂಜ್ಮಾ ಬಹುಕಾಲದಿಂದ ಚಹಾ ಸ್ವೀಕರಿಸುತ್ತಿರುವುದು ಕಳವಳಕಾರಿ ಎಂದೂ ಅದರಲ್ಲಿತ್ತು. ಅವನು ಕೆಲಸದ ಮುಖ ನೋಡಿಕೊಂಡು ಸುಮ್ಮನಾದ.

ಫಲಿತಾಂಶ ಬಂದಾಗ ಪ್ರತಿಷ್ಠಾನವೇ ಬೆರಗಾಯಿತು. ಬಡವರೂ ಸುಗಮ, ಸಾವಿರ ಕುರಿಯ ಯಜಮಾನರೂ ಸುಗಮ. ಆರೋಗ್ಯದಲ್ಲಿ ಇಷ್ಟು ಅಪ್ಪಟ ಸಮಾನತೆ ಭೂಮಿಯ ಮೇಲೆ ಇನ್ನೆಲ್ಲೂ ಸಿಕ್ಕಿರಲಿಲ್ಲ. ಹೋಬಳಿಯ ಸಭಾಂಗಣದಲ್ಲಿ ಸಮಾರಂಭ ಏರ್ಪಟ್ಟಿತು. "ಯಂಜ್ಮಾ ಅವರನ್ನು ಇನ್ನು ಅವರ ಅಗತ್ಯವೇ ಇಲ್ಲದಷ್ಟು ಮಟ್ಟಿಗೆ ಬಲಪಡಿಸಲಾಗಿದೆ" ಎಂದು ಪ್ರಕಟಿಸಿ, ಅವಳ ಕೈಗೆ ನೀಲಿ ರೇಷ್ಮೆವಸ್ತ್ರ ಕೊಟ್ಟು ಗೌರವಿಸಿ, ಮೋಟಾರ್‌ಸೈಕಲ್ಲನ್ನೂ ಔಷಧದ ಪೆಟ್ಟಿಗೆಯನ್ನೂ ರೋಗಿಗಳಿರುವ ಪಕ್ಕದ ಹೋಬಳಿಗೆ ಸಾಗಿಸಿದರು. ಜನ ಚಪ್ಪಾಳೆ ತಟ್ಟಿದರು. ದಗ್ವಾ ಕೂತಲ್ಲೇ ತಟ್ಟಿದ.

ಜನ ಬೇಗ ಹೊಂದಿಕೊಂಡರು. ಕಾಯಿಲೆ ಬಿದ್ದವರು ಗುಡಾರ ಬಿಚ್ಚಿ ಒಂಟೆಯ ಮೇಲೆ ಹೇರಿಕೊಂಡು, ಪಕ್ಕದ ಹೋಬಳಿಗೆ ಹೋಗಿ ಅಲ್ಲಿ ಕಾಯಿಲೆ ಬಿದ್ದರು. ಉಳಿದವರು ಹೋಬಳಿಗೆ ಬಂದ ಹೆಸರನ್ನು ಕಾಪಾಡಿಕೊಂಡು ಮೆಲ್ಲಗೆ ಕೆಮ್ಮಿದರು. ಖೊರ್ಲೊ ಮಾತ್ರ ಕೆಂಪುಗುಡ್ಡ ಬಿಟ್ಟು ಕದಲಲಿಲ್ಲ. ಅಧಿಕಾರಿಯ ತಾಯಿಯೇ ಗುಡಾರ ಕಿತ್ತರೆ ನೋಡಿದವರು ಏನಂದಾರು ಎಂದಳಂತೆ.

ಮರುಸಮೀಕ್ಷೆಗೆ ಗೊಂಬೊಜಾವ್ ಮತ್ತೆ ಬಂದ. ಈ ಸಲ ಅವನ ಅಂಗಿಯೊಳಗೆ ಯಂಜ್ಮಾಳಿಂದ ಕೇಳಿ ಬರೆದುಕೊಂಡು ಪಟ್ಟಣದಲ್ಲಿ ಕೊಂಡ ಮಾತ್ರೆಗಳಿದ್ದವು. ನಿಯಮ ಹಾಳಾಗಿ ಹೋಗಲಿ, ಇವತ್ತು ಅಮ್ಮನ ಬಾಯಿಂದಲೇ ಎಲ್ಲ ಕೇಳಿ ಮಾತ್ರೆ ಕೊಟ್ಟೇ ಹೊರಡುವುದು ಎಂದುಕೊಂಡಿದ್ದ. ನಾಯಿ ಬೊಗಳಿತು. ಹಿಡಿಯಲು ಯಾರೂ ಹೊರಗೆ ಬರಲಿಲ್ಲ. ಒಳಗೆ ಖೊರ್ಲೊ ಬಟ್ಟೆಯ ಪೆಟ್ಟಿಗೆಗೆ ಒರಗಿ ಕೂತಿದ್ದಳು. ಉಸಿರಿನ ಸದ್ದು ಬಾಗಿಲಿನವರೆಗೂ ಕೇಳುತ್ತಿತ್ತು. ಒಲೆ ತಣ್ಣಗಿತ್ತು.

"ಹೇಗಿದ್ದೀ ಅಮ್ಮಾ?"

"ಸುಗಮ."

ಅವನು ಕಾದ. ಅವಳು ಪಾತ್ರೆಯ ಕಡೆ ನೋಡಲೂ ಇಲ್ಲ.

"ಅಮ್ಮಾ, ಇವತ್ತು ಚಹಾ ಕುಡೀತೀನಿ. ಇಡು."

"ಬೇಡ ಮಗಾ. ಯಾರಾದ್ರೂ ನೋಡಿದ್ರೆ ನಿನ್ನ ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ. ನಾನೇ ಇಡ್ತೀನಿ."

"ಒಲೆ ಮುಟ್ಟಬೇಡ. ಊರಿಗೆಲ್ಲಾ ಹೇಳಿಟ್ಟಿದ್ದೀನಿ, ನನ್ನ ಮಗ ನನ್ನ ಕೈಯಿಂದಲೂ ಲಂಚ ಮುಟ್ಟಲ್ಲ ಅಂತ." ಇಷ್ಟು ಹೇಳಲು ಅವಳು ನಡುವೆ ಎರಡು ಸಲ ಮಾತು ನಿಲ್ಲಿಸಿ ಉಸಿರೆಳೆದುಕೊಂಡಳು. "ಚೆನ್ನಾಗಿದ್ದಾಳೆ ಅಂತ ಬರ್ಕೊ."

ಚಹಾ ಇಲ್ಲದೆ ಕೇಳಿದರೆ ಅವಳಿಗೆ ಅವಮಾನ. ಹೇಳದ ಕಾಯಿಲೆಗೆ ಮಾತ್ರೆ ಚಾಚಿದರೆ ಇನ್ನೂ ಅವಮಾನ. ಗೊಂಬೊಜಾವ್ ಮಾತ್ರೆಗಳನ್ನು ಅಂಗಿಯೊಳಗೇ ಉಳಿಸಿಕೊಂಡ. ಕೊನೆಗೆ, ಅವಳು ನೋಡುತ್ತಿದ್ದಂತೆ, ಸುಗಮ ಎಂದು ಬರೆದುಕೊಂಡ. ಮಗನ ಅಕ್ಷರ ದುಂಡಗಿದೆ ಎಂದು ಖೊರ್ಲೊ ಸಂತೋಷಪಟ್ಟಳು.